ತೊಂಬತ್ತು ಅಂಕದ ಹಿಂದಿನ ತೊಡಕು: ಜಾಣ ಮಕ್ಕಳ ಓದಿನ ಸಮಸ್ಯೆಯನ್ನು ಹಿಡಿಯುವುದು ಹೇಗೆ

ಮಾತಿಗೆ ನಿಂತರೆ ವಕೀಲ, ಬಾಯಿಲೆಕ್ಕದಲ್ಲಿ ಕಿರಾಣಿ ಅಂಗಡಿಯವರನ್ನೂ ಮೀರಿಸುವ ಹುಡುಗ. ಆದರೆ ಇತಿಹಾಸದ ಒಂದು ಪಾಠ ಓದಿ ಮುಗಿಸಲು ಎರಡು ಗಂಟೆ ಬೇಕು. ಪರೀಕ್ಷೆಯಲ್ಲಿ ಶೇಕಡಾ 88. ಪೇರೆಂಟ್ಸ್ ಮೀಟಿಂಗಿಗೆ ಹೋದರೆ ಟೀಚರ್ ಹೇಳುವುದು ಪ್ರತಿವರ್ಷ ಅದೇ: 'ಹುಷಾರಿದ್ದಾನೆ, ಸ್ವಲ್ಪ ಕೇರ್‌ಲೆಸ್.' 88 ಬಂದಿರುವಾಗ ಡಿಸ್ಲೆಕ್ಸಿಯಾ ಎಂಬ ಮಾತು ಎತ್ತುವವರು ಯಾರು?

ಎತ್ತಬೇಕು. ಡಿಸ್ಲೆಕ್ಸಿಯಾಕ್ಕೂ ಬುದ್ಧಿಗೂ ನಂಟಿಲ್ಲ. ಅಕ್ಷರವನ್ನು ಧ್ವನಿಗೆ ಜೋಡಿಸಿ ಪದವನ್ನು ಸಲೀಸಾಗಿ ಬಿಡಿಸುವ ಕೆಲಸದಲ್ಲಿರುವ ತೊಡಕು ಅದು. ಜಾಣ ಮಗು ಈ ತೊಡಕನ್ನು ಬೇರೆ ದಾರಿಯಿಂದ ದಾಟುತ್ತದೆ. ಪದದ ಮೊದಲೆರಡು ಅಕ್ಷರ ನೋಡಿ ಸಂದರ್ಭದಿಂದ ಊಹಿಸುತ್ತದೆ, ಕ್ಲಾಸಿನಲ್ಲಿ ಕೇಳಿದ್ದನ್ನು ನೆನಪಿಟ್ಟುಕೊಳ್ಳುತ್ತದೆ, ಅಮ್ಮ ಓದಿ ಹೇಳಿದ್ದನ್ನು ಒಂದೇ ಸಲಕ್ಕೆ ಹಿಡಿಯುತ್ತದೆ. ಅಂಕಪಟ್ಟಿಯಲ್ಲಿ ಕಾಣುವುದು ಅಂಕ ಮಾತ್ರ. ಆ ಅಂಕಕ್ಕೆ ಎಷ್ಟು ಗಂಟೆ ಸುರಿದಿದೆ, ಓದಿದ್ದು ಯಾರ ಕಣ್ಣು ಎಂಬುದು ಅಲ್ಲಿರುವುದಿಲ್ಲ. ಹಾಗಾಗಿ ಹುಡುಕಬೇಕಾದದ್ದು ಇವೆರಡನ್ನೇ.

ಯಾವಾಗ ಅನುಮಾನ ಪಡಬೇಕು

ನಾಲ್ಕನೆಯ ತರಗತಿವರೆಗೆ ಪಾಠ ಚಿಕ್ಕದು, ಚಿತ್ರ ಹೆಚ್ಚು. ಊಹೆ ಸಾಕಾಗುತ್ತದೆ. ಐದು-ಆರರಲ್ಲಿ ಪುಟ ಹೆಚ್ಚುತ್ತದೆ. ಎಂಟು-ಒಂಬತ್ತರಲ್ಲಿ ಹಿಂದೆಂದೂ ಕೇಳದ ಪದಗಳು ಸಾಲುಸಾಲಾಗಿ ಬರುತ್ತವೆ. ಹನ್ನೊಂದನೆಯದರಲ್ಲಿ ಕೋಚಿಂಗ್ ಕ್ಲಾಸಿನ ದಪ್ಪ ಮಾಡ್ಯೂಲುಗಳು. ಜಾಣ ಮಕ್ಕಳು ಸಾಮಾನ್ಯವಾಗಿ ಈ ಮೂರು ಮೆಟ್ಟಿಲುಗಳಲ್ಲೊಂದರಲ್ಲಿ ಮುಗ್ಗರಿಸುತ್ತಾರೆ. 'ಇದ್ದಕ್ಕಿದ್ದಂತೆ ಸೋಮಾರಿಯಾದ' ಎಂಬ ದೂರು ಹುಟ್ಟುವುದೂ ಅಲ್ಲೇ.

ಗಮನಿಸಬೇಕಾದದ್ದು ಹೊಂದಾಣಿಕೆಯಾಗದ ಜೋಡಿಗಳನ್ನು. ಓರಲ್‌ನಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು, ಅದೇ ಪಾಠದ ಬರವಣಿಗೆಯಲ್ಲಿ ಅರ್ಧ. ನೇರ ಲೆಕ್ಕ ಸರಿ, ಮಾತಿನ ಲೆಕ್ಕ ತಪ್ಪು. ಆದರೆ ಯಾರಾದರೂ ಓದಿ ಹೇಳಿದರೆ ಅದೂ ಸರಿ. ವಿಜ್ಞಾನದಲ್ಲಿ 95, ಮರಾಠಿಯಲ್ಲಿ 52. ವಾಕ್ಯ ಪ್ರೌಢ, ಸ್ಪೆಲ್ಲಿಂಗ್ ಮೂರನೆಯ ತರಗತಿಯದು. ದೊಡ್ಡ ಪದ ಸರಿಯಾಗಿ ಓದಿ 'ನಾಟ್', 'ಎಕ್ಸೆಪ್ಟ್'ನಂಥ ಪುಟ್ಟ ಪದ ನುಂಗಿಹಾಕುವುದು ಇನ್ನೊಂದು. ಬಹು ಆಯ್ಕೆಯ ಪ್ರಶ್ನೆಯಲ್ಲಿ ಆ ಒಂದು ಪದ ಹೋದರೆ ಉತ್ತರ ತಲೆಕೆಳಗು, ಮನೆಯಲ್ಲಿ 'ಕೇರ್‌ಲೆಸ್' ಎಂಬ ಬೈಗುಳ.

ಬಿ-ಡಿ ಅಕ್ಷರ ತಿರುಗಿಸಿ ಬರೆಯುವುದೇ ಡಿಸ್ಲೆಕ್ಸಿಯಾ ಎಂದು ಬಹಳ ಜನ ನಂಬಿದ್ದಾರೆ. ಚಿಕ್ಕ ಮಕ್ಕಳು ಎಲ್ಲರೂ ಸ್ವಲ್ಪ ಕಾಲ ಹಾಗೆ ಬರೆಯುತ್ತಾರೆ. ಅದು ಇಲ್ಲ ಎಂದ ಮಾತ್ರಕ್ಕೆ ನಿಶ್ಚಿಂತೆಯಾಗಿರುವಂತಿಲ್ಲ.

ಮುಂಬಯಿ ಕನ್ನಡಿಗರ ಮನೆಯಲ್ಲಿ ಇನ್ನೊಂದು ಗೋಜಲು ಸೇರಿಕೊಳ್ಳುತ್ತದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಶಾಲೆಯಲ್ಲಿ ಇಂಗ್ಲಿಷ್, 2020ರ ಕಾನೂನಿನಿಂದ ಎಲ್ಲ ಶಾಲೆಗಳಲ್ಲೂ ಕಡ್ಡಾಯವಾದ ಮರಾಠಿ, ಜೊತೆಗೆ ಹಿಂದಿ. 'ನಾಲ್ಕು ಭಾಷೆ ತಲೆಯಲ್ಲಿ ತುಂಬಿದರೆ ಮಗು ಗಲಿಬಿಲಿಯಾಗದೆ ಇರುತ್ತದಾ' ಎಂದು ಅಜ್ಜಿ ಕೇಳುವುದು ಸಹಜ. ಹೆಚ್ಚು ಭಾಷೆ ಕಲಿತರೆ ಡಿಸ್ಲೆಕ್ಸಿಯಾ ಬರುವುದಿಲ್ಲ. ಆದರೆ ಇರುವ ತೊಡಕು ಒಂದೊಂದು ಲಿಪಿಯಲ್ಲಿ ಒಂದೊಂದು ವೇಷ ಹಾಕುತ್ತದೆ.

ಇಂಗ್ಲಿಷಿನಲ್ಲಿ 'ಥ್ರೂ', 'ಥಾಟ್', 'ಟಫ್' ಮೂರರಲ್ಲೂ ಅದೇ ನಾಲ್ಕಕ್ಷರದ ಗುಂಪಿದೆ, ಉಚ್ಚಾರ ಮೂರು ಥರ. ತಪ್ಪು ಢಾಳಾಗಿ ಕಾಣುತ್ತದೆ. ಕನ್ನಡ, ಮರಾಠಿಯಲ್ಲಿ ಬರೆದಂತೆ ಓದುವುದು ಬಹುಮಟ್ಟಿಗೆ ನಿಜ, ಆದ್ದರಿಂದ ತಪ್ಪು ಕಡಿಮೆ. ಅಲ್ಲಿ ತೊಡಕು ಕಾಣುವುದು ನಿಧಾನದಲ್ಲಿ. ಕನ್ನಡದಲ್ಲಿ ಎಡವುವ ಜಾಗಗಳೂ ಗೊತ್ತಿರುವವೇ: ದೀರ್ಘ, ಮಹಾಪ್ರಾಣ, ಒತ್ತಕ್ಷರ. 'ಸೂರ್ಯ' ಬರೆಯುವಾಗ ಅರ್ಕಾವತ್ತು ಕೊನೆಗೆ ಬರುತ್ತದೆ, ಬಾಯಲ್ಲಿ 'ರ' ಮೊದಲು ಬರುತ್ತದೆ. ಕಣ್ಣು ಮುಂದೆ ಹೋಗಿ ಹಿಂದೆ ಬರಬೇಕು. ದೇವನಾಗರಿಯಲ್ಲಿ ಹ್ರಸ್ವ ವೇಲಾಂಟಿ, ಅಂದರೆ 'ಇ'ಕಾರದ ಗುರುತು, ವ್ಯಂಜನಕ್ಕಿಂತ ಮೊದಲು ಕೂರುತ್ತದೆ, ಉಚ್ಚಾರ ಆಮೇಲೆ. ಇಂಗ್ಲಿಷ್ ಒಂದರಲ್ಲಿ ಮಾತ್ರ ತೊಂದರೆ ಇದ್ದು, ಮರಾಠಿಯನ್ನು ಸರಾಗವಾಗಿ ವೇಗವಾಗಿ ಓದುವ ಮಗುವಿಗೆ ಬಹುಶಃ ಇಂಗ್ಲಿಷ್ ಕಲಿಕೆಯೇ ಸರಿಯಾಗಿ ಆಗಿಲ್ಲ. ಎರಡರಲ್ಲೂ ನಿಧಾನ ಎಂದರೆ ಅನುಮಾನ ಗಟ್ಟಿ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ

ಇದರಿಂದ ಡಿಸ್ಲೆಕ್ಸಿಯಾ ಇದೆ-ಇಲ್ಲ ಎಂದು ತೀರ್ಮಾನವಾಗುವುದಿಲ್ಲ. ತಜ್ಞರ ಹತ್ತಿರ ಹೋಗಬೇಕೇ, ಹೋದಾಗ ಏನು ಹೇಳಬೇಕು ಎಂಬುದು ತಿಳಿಯುತ್ತದೆ. ಟ್ಯೂಷನ್ ಮುಗಿಸಿ ರಾತ್ರಿ ಎಂಟಕ್ಕೆ ಬಂದ ಮಗುವಿನ ಮೇಲೆ ಮಾಡಬೇಡಿ. ದಣಿದ ಎಲ್ಲ ಮಕ್ಕಳೂ ಕೆಟ್ಟದಾಗಿ ಓದುತ್ತಾರೆ. ಭಾನುವಾರ ಬೆಳಿಗ್ಗೆ, ತಿಂಡಿ ಆದ ಮೇಲೆ, ಒಂದು ದಿನಕ್ಕೆ ಒಂದೇ ಪರೀಕ್ಷೆ.

ಮೊದಲನೆಯದು ಓದು-ಕೇಳು ಹೋಲಿಕೆ. ಮುಂದಿನ ತರಗತಿಯ ಭೂಗೋಳ ಅಥವಾ ವಿಜ್ಞಾನದಿಂದ ಮಗು ಈವರೆಗೆ ನೋಡದ, ಸುಮಾರು 400 ಪದಗಳ ಎರಡು ಭಾಗ ಆರಿಸಿ. ಪ್ರತಿಯೊಂದಕ್ಕೂ ಐದು ಪ್ರಶ್ನೆ ಬರೆದಿಟ್ಟುಕೊಳ್ಳಿ. ಮೂರು ನೇರ, ಎರಡು ಯೋಚಿಸಿ ಹೇಳುವಂಥವು. ಮೊದಲ ಭಾಗವನ್ನು ಮಗು ಮನಸ್ಸಿನಲ್ಲೇ ಓದಲಿ, ನೀವು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ. ಎರಡನೆಯದನ್ನು ನೀವು ಸಹಜ ವೇಗದಲ್ಲಿ ಓದಿ ಹೇಳಿ. ಸುಮಾರು ಮೂರು ನಿಮಿಷ ಹಿಡಿಯುತ್ತದೆ. ಉತ್ತರ ಎರಡಕ್ಕೂ ಬಾಯಲ್ಲೇ. ಎಂಟನೆಯ ತರಗತಿಯ ಹೊತ್ತಿಗೆ ಮನಸ್ಸಿನಲ್ಲಿ ಓದುವ ವೇಗ ಗಟ್ಟಿಯಾಗಿ ಓದುವುದಕ್ಕಿಂತ ಹೆಚ್ಚಿರಬೇಕು. ಕೇಳಿದ್ದಕ್ಕೆ ಐದಕ್ಕೆ ಐದು, ಓದಿದ್ದಕ್ಕೆ ಆರು-ಏಳು ನಿಮಿಷ ಹಿಡಿದು ಮೂರೇ ಸರಿ ಎಂದಾದರೆ, ತಿಳಿವಳಿಕೆಯಲ್ಲಿ ತೊಂದರೆಯಿಲ್ಲ, ಪದ ಬಿಡಿಸುವಲ್ಲಿ ಇದೆ ಎಂದರ್ಥ. ಎರಡೂ ಕಡಿಮೆಯಾದರೆ ಭಾಷೆಯೇ ಎಟುಕಿಲ್ಲದಿರಬಹುದು. ಅದರ ದಾರಿ ಬೇರೆ.

ಎರಡನೆಯದು ಅರ್ಥವಿಲ್ಲದ ಪದಗಳ ಓದು. ಜಾಣ ಮಗುವಿನ ಊಹೆಯ ಊರುಗೋಲು ಕಳಚಿಬೀಳುವುದು ಇಲ್ಲಿಯೇ, ಹಾಗಾಗಿ ಇದು ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ನಿಘಂಟಿನಲ್ಲಿಲ್ಲದ ಇಪ್ಪತ್ತು ಪದ ನೀವೇ ಕಟ್ಟಿ. ಇಂಗ್ಲಿಷಿನಲ್ಲಾದರೆ ನಿಜವಾದ ಪದದ ಎರಡು ಅಕ್ಷರ ಬದಲಿಸಿದರೆ ಸಾಕು. ಕನ್ನಡ ಓದುವ ಮಗುವಾದರೆ ಕಿಬ್ದಾಳ, ತ್ರೊಮಸ್ಕೆ, ಗುಣ್ಪಿರು, ಮರ್ಸೋಟ, ಛಿಲೂಂಗ ಹೀಗೆ. ಮರಾಠಿಗೆ ದೇವನಾಗರಿಯಲ್ಲಿ ಇದೇ ರೀತಿ. 'ಇವು ಸುಳ್ಳು ಪದಗಳು, ಇದ್ದಹಾಗೆ ಓದು' ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಮಗು ಅರ್ಥ ಹುಡುಕುತ್ತ ಕೂರುತ್ತದೆ. ತ್ರೊಮಸ್ಕೆಯನ್ನು 'ತಮಾಷೆ' ಎಂದು ಓದಿದರೆ ಅದು ಊಹೆ. 'ತೊಮಸ್ಕೆ' ಎಂದರೆ ಒತ್ತಕ್ಷರ ಜಾರಿದೆ. ಪ್ರತಿ ಪದಕ್ಕೂ ತಡವರಿಸಿ ಕೊನೆಗೆ ಸರಿ ಓದಿದರೂ ಅದನ್ನು ಬರೆದಿಡಿ; ತಡವರಿಕೆಯೂ ಮಾಹಿತಿಯೇ.

ಮೂರನೆಯದು ಗಟ್ಟಿ ಓದು. ಒಂದು ಪುಟದ ಝೆರಾಕ್ಸ್ ನಿಮ್ಮ ಕೈಯಲ್ಲಿರಲಿ, ಪುಸ್ತಕ ಮಗುವಿನ ಕೈಯಲ್ಲಿ. ಬಿಟ್ಟ ಪದಕ್ಕೆ ಸುತ್ತು ಹಾಕಿ, ಬದಲಿಸಿ ಓದಿದ್ದನ್ನು ಮೇಲೆ ಬರೆಯಿರಿ, ಹಿಂದಕ್ಕೆ ಹೋಗಿ ತಿದ್ದಿಕೊಂಡದ್ದಕ್ಕೆ ಬಾಣ. ಮಧ್ಯದಲ್ಲಿ ಬಾಯಿ ಹಾಕಬೇಡಿ. ತಿದ್ದುವ ಅಭ್ಯಾಸ ಬಿಡಲಾಗದೆ ಪರೀಕ್ಷೆ ಕೆಡಿಸುವವರು ಹೆಚ್ಚಾಗಿ ಅಪ್ಪ-ಅಮ್ಮಂದಿರೇ.

ಉಕ್ತಲೇಖನ ಕೊಡುವಾಗ ಮೊದಲೇ ಪದಪಟ್ಟಿ ಕೊಟ್ಟು ಓದಿಸಬೇಡಿ. ಬಾಯಿಪಾಠದಲ್ಲಿ ಈ ಮಕ್ಕಳು ಗಟ್ಟಿಗರು. ಒಂದೇ ಪದ ಮೂರು ಕಡೆ ಬರುವಂತೆ ವಾಕ್ಯ ಕೊಡಿ. ಮೂರು ಕಡೆ ಮೂರು ಥರ ಬರೆದಿದ್ದರೆ ಕಲಿತಿಲ್ಲ ಎಂದಲ್ಲ, ಪದದ ರೂಪ ತಲೆಯಲ್ಲಿ ನಿಂತಿಲ್ಲ ಎಂದು.

ಇವೆಲ್ಲದರ ಜೊತೆ ಒಂದು ವಾರದ ಡೈರಿ ಬೇಕು. ದಿನಕ್ಕೆ ಮೂರೇ ಸಾಲು: ಯಾವ ಪಾಠ, ಎಷ್ಟು ನಿಮಿಷ, ಓದಿದ್ದು ಯಾರು. ಏಳು ದಿನದಲ್ಲಿ ಐದು ದಿನ 'ಅಮ್ಮ ಓದಿ ಹೇಳಿದ್ದು' ಎಂದು ಬಂದರೆ ಆ 88ರಲ್ಲಿ ಅಮ್ಮನ ಪಾಲೂ ಇದೆ.

ಬೇರೆ ಕಾರಣಗಳನ್ನು ಮೊದಲು ಕಳೆಯಿರಿ

ಕಣ್ಣಿನ ಪರೀಕ್ಷೆ, ಕಿವಿಯ ಪರೀಕ್ಷೆ ಆಗಿರಲಿ. ತಪಾಸಣೆಗೆ ಹೋದಾಗ ಅವರೂ ಮೊದಲು ಕೇಳುವುದು ಇದನ್ನೇ. ನಿದ್ದೆ ಎಷ್ಟು ಗಂಟೆ ನೋಡಿ. ಗಮನ ನಿಲ್ಲದ ತೊಂದರೆ, ಅಂದರೆ ಎಡಿಎಚ್‌ಡಿ, ಹಲವು ಸಲ ಡಿಸ್ಲೆಕ್ಸಿಯಾದ ಜೊತೆಗೇ ಇರುತ್ತದೆ. ವ್ಯತ್ಯಾಸಕ್ಕೊಂದು ಸುಳಿವು: ಗಮನದ ತೊಂದರೆಯಾದರೆ ಕೇಳುವಾಗಲೂ ಮನಸ್ಸು ಓಡುತ್ತದೆ, ಡಿಸ್ಲೆಕ್ಸಿಯಾ ಒಂದೇ ಆದರೆ ಕೇಳುವಾಗ ಕಿವಿ ನೆಟ್ಟಗಿರುತ್ತದೆ.

ಕೋವಿಡ್ ಕಾಲದಲ್ಲಿ, 2020-21ರಲ್ಲಿ, ಒಂದು-ಎರಡನೆಯ ತರಗತಿಯಲ್ಲಿದ್ದ ಮಕ್ಕಳ ವಿಷಯ ಬೇರೆಯಾಗಿ ನೋಡಬೇಕು. ಅಕ್ಷರ ಕೂಡಿಸಿ ಓದಲು ಕಲಿಯಬೇಕಾದ ವರ್ಷ ಮೊಬೈಲಿನ ಮುಂದೆ ಹೋಯಿತು. ಪಾಠ ತಪ್ಪಿದ ಮಗುವಿಗೆ ಸರಿಯಾಗಿ ಕಲಿಸಿದರೆ ಮೂರು-ನಾಲ್ಕು ತಿಂಗಳಲ್ಲಿ ಓದು ಎದ್ದುಕಾಣುವಷ್ಟು ಮುಂದೆ ಹೋಗುತ್ತದೆ. ಡಿಸ್ಲೆಕ್ಸಿಯಾ ಇರುವ ಮಗು ಅಷ್ಟೇ ಪಾಠಕ್ಕೆ ಅಂಗುಲ ಅಂಗುಲವಾಗಿ ಏರುತ್ತದೆ.

ತಪಾಸಣೆ: ಎಲ್ಲಿ, ಏನು ಕೇಳಬೇಕು

ತಪಾಸಣೆಯ ಕೊನೆಗೆ ಸಿಗುವ ಪ್ರಮಾಣಪತ್ರವನ್ನೇ ಮುಂಬಯಿಯಲ್ಲಿ ಎಲ್ಲರೂ 'ಎಲ್‌ಡಿ ಸರ್ಟಿಫಿಕೇಟ್' ಎನ್ನುವುದು; ಎಲ್‌ಡಿ ಎಂದರೆ ಲರ್ನಿಂಗ್ ಡಿಸೆಬಿಲಿಟಿ, ಕಲಿಕಾ ನ್ಯೂನತೆ. ಮಹಾರಾಷ್ಟ್ರ 1996ರಲ್ಲೇ ಇಂಥ ಮಕ್ಕಳಿಗೆ ಬೋರ್ಡ್ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಲು ಶುರುಮಾಡಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಡಿಸ್ಲೆಕ್ಸಿಯಾವೂ ಸೇರುವ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ 21 ವರ್ಗಗಳಲ್ಲಿ ಸೇರಿಸಿದ ಮೇಲೆ ಇದು ದೇಶಕ್ಕೆಲ್ಲ ಹಕ್ಕಾಯಿತು. ನಗರದಲ್ಲಿ ಸಾಯನ್ ಆಸ್ಪತ್ರೆ, ನಾಯರ್ ಆಸ್ಪತ್ರೆಗಳ ಎಲ್‌ಡಿ ಕ್ಲಿನಿಕ್‌ಗಳು ಹಳೆಯವು. ಖಾಸಗಿಯಾಗಿಯೂ ಮಾಡಿಸಬಹುದು, ಮಗುವಿಗೆ ಹೇಗೆ ಕಲಿಸಬೇಕೆಂದು ತಿಳಿಯಲು ಆ ರಿಪೋರ್ಟ್ ಉಪಯುಕ್ತ. ಆದರೆ ಬೋರ್ಡಿನ ರಿಯಾಯಿತಿಗೆ ಸರ್ಕಾರ ಗೊತ್ತುಮಾಡಿದ ಆಸ್ಪತ್ರೆಯದೇ ಪ್ರಮಾಣಪತ್ರ ಬೇಕು. ಖಾಸಗಿಗೆ ದುಡ್ಡು ಕಟ್ಟುವ ಮೊದಲು ಇದನ್ನು ಕೇಳಿಕೊಳ್ಳದೆ ಎರಡೆರಡು ಸಲ ಅಲೆದವರು ಬಹಳ.

ಕೇಸ್ ಪೇಪರ್ ಮಾಡಿಸುವ ದಿನ ಒಯ್ಯಬೇಕಾದದ್ದು: ಶಾಲೆಯ ಪತ್ರ, ಹಿಂದಿನ ಮೂರು ವರ್ಷದ ಅಂಕಪಟ್ಟಿ, ಆಧಾರ್, ಕಣ್ಣು-ಕಿವಿಯ ರಿಪೋರ್ಟ್, ಭಾಷೆಯ ನೋಟುಪುಸ್ತಕ. ಟೀಚರ್ ತಿದ್ದಿಸಿ ಬರೆಸಿದ ಫೇರ್ ನೋಟ್‌ಬುಕ್ ಒಯ್ಯಬೇಡಿ, ರಫ್ ಬುಕ್ ಒಯ್ಯಿರಿ. ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ಸ್ಪೆಷಲ್ ಎಜುಕೇಟರ್ ಬೇರೆ ಬೇರೆ ದಿನ ನೋಡುತ್ತಾರೆ. ಬುದ್ಧಿಶಕ್ತಿಯ ಪರೀಕ್ಷೆ ಒಂದು ದಿನ, ಓದು-ಬರಹ-ಲೆಕ್ಕದ ಪರೀಕ್ಷೆ ಇನ್ನೊಂದು ದಿನ. ಮೊದಲ ಭೇಟಿಯಿಂದ ಕೈಗೆ ಕಾಗದ ಬರುವವರೆಗೆ ತಿಂಗಳುಗಳು ಹಿಡಿಯಬಹುದು.

ಜಾಣ ಮಗುವಿನ ವಿಷಯದಲ್ಲಿ ಕೈತಪ್ಪುವುದು ಇದೇ ಹಂತದಲ್ಲಿ. ಭಾರತದಲ್ಲಿ ಹೆಚ್ಚು ಬಳಕೆಯ ನಿಮ್ಹಾನ್ಸ್ ಪರೀಕ್ಷಾ ಸರಣಿಯ ಎರಡನೆಯ ಹಂತ 8ರಿಂದ 12 ವರ್ಷದವರಿಗೆ ರೂಪಿಸಿದ್ದು. ಅದರ ಪಾಠಗಳು ಏಳನೆಯ ತರಗತಿಗೆ ಮುಗಿಯುತ್ತವೆ. ಒಂಬತ್ತನೆಯ ತರಗತಿಯ ಜಾಣ ಹುಡುಗಿ ಅದನ್ನು ನಿಧಾನವಾಗಿಯಾದರೂ ಸರಿಯಾಗಿ ಓದಿ ಮುಗಿಸುತ್ತಾಳೆ. 'ಮಟ್ಟಕ್ಕೆ ತಕ್ಕಂತೆ ಓದುತ್ತಾಳೆ' ಎಂದು ಬರೆದು ಕಳಿಸುತ್ತಾರೆ. ಆದ್ದರಿಂದ ಮೂರು ವಿಷಯ ವಿನಯದಿಂದಲೇ ಕೇಳಿ: ಓದಿನ ವೇಗವನ್ನು ಸಮಯ ಹಿಡಿದು ಅಳೆದಿರಾ? ಅರ್ಥವಿಲ್ಲದ ಪದಗಳನ್ನು ಓದಿಸಿದಿರಾ? ಬಣ್ಣ, ಅಂಕಿ, ಅಕ್ಷರಗಳ ಸಾಲನ್ನು ವೇಗವಾಗಿ ಹೆಸರಿಸುವ ಪರೀಕ್ಷೆ ಆಯಿತಾ? ನಿಮ್ಮ ವಾರದ ಡೈರಿ, ಗುರುತು ಹಾಕಿದ ಝೆರಾಕ್ಸ್ ಆಗ ಮೇಜಿನ ಮೇಲಿಡಿ.

ಐದನೆಯ ತರಗತಿಯೊಳಗಿನ ಮಗುವಾದರೆ ಡಾಲಿ ಎಂಬ ಪರೀಕ್ಷಾ ಸರಣಿಯ ಬಗ್ಗೆ ವಿಚಾರಿಸಿ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ ಅದು ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್ ನಾಲ್ಕರಲ್ಲೂ ಇದೆ. ನಮ್ಮ ಮಕ್ಕಳಿಗೆಂದೇ ಭಾಷೆ ಆರಿಸಿದಂತಿದೆ.

ಬುದ್ಧಿಶಕ್ತಿಯ ರಿಪೋರ್ಟಿನಲ್ಲಿ ಒಟ್ಟು ಐಕ್ಯೂ ಒಂದನ್ನೇ ನೋಡಿ ಮಡಚಿಡಬೇಡಿ. ಒಳಗಿನ ಭಾಗಗಳನ್ನು ನೋಡಿ. ಮಾತಿನ ತಿಳಿವಳಿಕೆ 130, ತಾತ್ಕಾಲಿಕ ನೆನಪು 95, ಕೆಲಸದ ವೇಗ 88 ಎಂದಿದ್ದರೆ ಒಟ್ಟು ಸಂಖ್ಯೆ ಮಧ್ಯದಲ್ಲೆಲ್ಲೋ ಬಂದು ನಿಂತು, ಮಗುವಿನ ಶಕ್ತಿ-ತೊಡಕು ಎರಡನ್ನೂ ಮುಚ್ಚಿಬಿಡುತ್ತದೆ. 'ಸರಾಸರಿ ಓದುತ್ತಾನೆ, ಹಾಗಾಗಿ ತೊಂದರೆಯಿಲ್ಲ' ಎಂದರೆ ಹೇಳಲು ಒಂದು ಮಾತಿದೆ: ಅಮೆರಿಕದ ಮನೋವೈದ್ಯರ ಸಂಘದ 2013ರ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5, ಅತಿಯಾದ ಶ್ರಮ ಅಥವಾ ನೆರವಿನಿಂದ ಮಾತ್ರ ಉಳಿದುಕೊಂಡಿರುವ ಸರಾಸರಿ ಸಾಧನೆಯನ್ನೂ ತೊಡಕಿನ ಪುರಾವೆಯಾಗಿ ಒಪ್ಪುತ್ತದೆ.

ಪ್ರಮಾಣಪತ್ರದ ಕಾಲಾವಧಿ ನೋಡಿಕೊಳ್ಳಿ. 2018ರ ಕೇಂದ್ರ ಮಾರ್ಗಸೂಚಿಯಲ್ಲಿ ಎಂಟು ವರ್ಷದ ಮೇಲಷ್ಟೇ ಪ್ರಮಾಣಪತ್ರ, 14ಕ್ಕೆ ಮತ್ತು 18ಕ್ಕೆ ಮತ್ತೆ ತಪಾಸಣೆ ಎಂದಿತ್ತು. 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಪರಿಷ್ಕರಣೆಯಾಗಿದೆ. ನಿಮ್ಮ ಮಗುವಿನ ಕಾಗದ ಯಾವ ದಿನಾಂಕದವರೆಗೆ ನಡೆಯುತ್ತದೆ ಎಂದು ಆಸ್ಪತ್ರೆಯಲ್ಲೇ ಕೇಳಿ. ಹತ್ತನೆಯ ತರಗತಿಯ ದೀಪಾವಳಿ ರಜೆಯಲ್ಲಿ ಓಡಾಟ ಶುರುಮಾಡಿದರೆ ತಡವಾಯಿತು. ಎಂಟನೆಯದರ ಕೊನೆಗೆ ಶುರುಮಾಡಿ, ಒಂಬತ್ತರ ಮಧ್ಯದೊಳಗೆ ಕೈಯಲ್ಲಿರಲಿ. ಅಲ್ಲಿಂದ ಶಾಲೆಯ ಮೂಲಕ ವಾಶಿಯ ವಿಭಾಗೀಯ ಮಂಡಳಿಗೆ ಕಾಗದ ಹೋಗಬೇಕು.

ರಿಯಾಯಿತಿಯಲ್ಲಿ ಯಾವುದು ಬೇಕು, ಯಾವುದು ಬೇಡ

ಪಟ್ಟಿಯಲ್ಲಿರುವುದೆಲ್ಲ ತೆಗೆದುಕೊಳ್ಳಬೇಕೆಂದಿಲ್ಲ. ಹೆಚ್ಚುವರಿ ಸಮಯ ಈ ಮಕ್ಕಳಿಗೆ ಎಲ್ಲಕ್ಕಿಂತ ದೊಡ್ಡ ನೆರವು: ಗಂಟೆಗೆ 20 ನಿಮಿಷ. ಮೂರು ಗಂಟೆಯ ಭಾಷಾಪತ್ರಿಕೆಗೆ ಒಂದು ಗಂಟೆ, ಎರಡು ಗಂಟೆಯ ಗಣಿತ ಭಾಗ-ಒಂದಕ್ಕೆ 40 ನಿಮಿಷ. ಒಂದು ಭಾಷೆಯ ವಿನಾಯಿತಿ ಹಲವರಿಗೆ ಉಸಿರು ಕೊಡುತ್ತದೆ. ಆದರೆ ಬೀಜಗಣಿತ-ರೇಖಾಗಣಿತದ ಬದಲು ಕೆಳತರಗತಿಯ ಗಣಿತ ತೆಗೆದುಕೊಳ್ಳುವ ಸೌಲಭ್ಯವನ್ನು, ಲೆಕ್ಕದಲ್ಲಿ ಚುರುಕಾದ ಮಗುವಿಗೆ ಯಾರೋ ಹೇಳಿದರೆಂದು ಕೊಡಿಸಬೇಡಿ. ಹನ್ನೊಂದರಲ್ಲಿ ಸೈನ್ಸ್ ಬಾಗಿಲು ಅಲ್ಲೇ ಮುಚ್ಚಿಕೊಳ್ಳಬಹುದು.

ರೈಟರ್ ಬೇಕೇ ಎಂಬುದು ಕೈಬರಹ ನೋಡಿ ತೀರ್ಮಾನಿಸುವ ಮಾತು. ಓದು ನಿಧಾನ, ಬರಹ ಪರವಾಗಿಲ್ಲ ಎಂದರೆ ಬೇಕಾದದ್ದು ಪ್ರಶ್ನೆ ಓದಿ ಹೇಳುವವರು, ಬರೆಯುವವರಲ್ಲ. ರೈಟರ್ ತೆಗೆದುಕೊಂಡರೆ ಕನಿಷ್ಠ ಆರು ಪೂರ್ತಿ ಪತ್ರಿಕೆ ಜೊತೆಗೆ ಕೂತು ಅಭ್ಯಾಸವಾಗಿರಬೇಕು. ಬಾಯಲ್ಲಿ ಹೇಳಿ ಬರೆಸುವುದು ಬೇರೆಯದೇ ವಿದ್ಯೆ: ಎಲ್ಲಿ ಪೂರ್ಣವಿರಾಮ, ಎಲ್ಲಿ ಹೊಸ ಪ್ಯಾರಾ, ಚಿತ್ರದಲ್ಲಿ ಯಾವ ಹೆಸರು ಎಲ್ಲಿ ಎಂದೆಲ್ಲ ಹೇಳಬೇಕು. ಅಭ್ಯಾಸವಿಲ್ಲದೆ ಹೋದ ಮಗು ನಾಚಿಕೊಂಡು ಚುಟುಕು ಉತ್ತರ ಹೇಳಿ ಮುಗಿಸುತ್ತದೆ.

ಹೆಚ್ಚಿನ ಸಮಯ ಸಿಕ್ಕಿದರೂ ಉಪಯೋಗವಾಗದಿರುವುದಕ್ಕೆ ಕಾರಣ ದಣಿವು. ಪ್ರಿಲಿಮ್‌ಗೆ ಮುಂಚೆ ನಾಲ್ಕು ಗಂಟೆ ಕೂರುವ ಅಭ್ಯಾಸ ಮಾಡಿಸಿ. ಮೊದಲ 15 ನಿಮಿಷ ಪ್ರಶ್ನೆ ಓದುವುದಕ್ಕೇ ಮೀಸಲು. 'ಅಲ್ಲ', 'ಹೊರತು', 'ಯಾವುದಾದರೂ ಮೂರು' ಎಂಬಂಥ ಪದಗಳ ಕೆಳಗೆ ಗೆರೆ. ಕೊನೆಯ 20 ನಿಮಿಷದಲ್ಲಿ ಪ್ರಶ್ನೆಯನ್ನು ಮತ್ತೆ ಓದಿ, ಆಮೇಲೆ ತನ್ನ ಉತ್ತರ ನೋಡುವುದು. ಉತ್ತರ ಮಾತ್ರ ನೋಡಿದರೆ ತಪ್ಪು ಓದಿದ್ದು ಸಿಕ್ಕಿಬೀಳುವುದಿಲ್ಲ.

ಕಲಿಸುವುದು

ದೊಡ್ಡ ತರಗತಿಯ ಮಗುವನ್ನು ಮತ್ತೆ ಅಕ್ಷರಮಾಲೆಗೆ ಕೂರಿಸಿದರೆ ಎದ್ದು ಹೋಗುತ್ತದೆ, ಸರಿಯೇ. ಪದವನ್ನು ತುಂಡು ಮಾಡುವುದರಿಂದ ಶುರುಮಾಡಿ. 'ಫೋಟೊಸಿಂಥೆಸಿಸ್' ಉದ್ದದ ಹಾವಲ್ಲ. 'ಫೋಟೊ' ಎಂದರೆ ಬೆಳಕು, 'ಸಿನ್' ಎಂದರೆ ಜೊತೆಗೆ, 'ಥೆಸಿಸ್' ಎಂದರೆ ಇಡುವುದು. ಬೇರು ಗೊತ್ತಾದರೆ ಮುಂದಿನ ಪಾಠದ 'ಫೋಟಾನ್', 'ಸಿಂಥೆಟಿಕ್' ಅರ್ಧ ಪರಿಚಿತ. ಜಾಣ ಮಕ್ಕಳಿಗೆ ಇದು ಒಗಟು ಬಿಡಿಸಿದಂತೆ ಹಿಡಿಸುತ್ತದೆ. ಹೊಸ ಪಾಠಕ್ಕೆ ಮುಂಚೆ ಅದರ ಹತ್ತು ಕಷ್ಟಪದ ಹೀಗೆ ಒಡೆದು, ಗಟ್ಟಿಯಾಗಿ ಹೇಳಿಸಿ, ಬರೆಸಿ.

ವೇಗಕ್ಕೆ 150 ಪದಗಳ ಒಂದು ಭಾಗವನ್ನು ಮೂರು-ನಾಲ್ಕು ಸಲ ಗಟ್ಟಿಯಾಗಿ ಓದಿಸಿ, ಪ್ರತಿ ಸಲ ಸಮಯ ಬರೆಯಿರಿ. ಒಟ್ಟು 30 ನಿಮಿಷ, ವಾರಕ್ಕೆ ನಾಲ್ಕು ದಿನ. ಭಾನುವಾರ ಒಂದೇ ದಿನ ಎರಡು ಗಂಟೆ ಕೂರಿಸಿದರೆ ಸೋಮವಾರಕ್ಕೆ ಮರೆತಿರುತ್ತದೆ.

ಜೊತೆಗೆ ವಿಷಯಜ್ಞಾನ ಹಿಂದೆ ಬೀಳದಂತೆ ಕಿವಿಯಿಂದ ಓದುವ ವ್ಯವಸ್ಥೆ ಮಾಡಿ. ಎನ್‌ಸಿಇಆರ್‌ಟಿ ಮತ್ತು ಮಹಾರಾಷ್ಟ್ರದ ಬಾಲಭಾರತಿ ಪಠ್ಯಪುಸ್ತಕಗಳ ಪಿಡಿಎಫ್ ಉಚಿತ. ಮೊಬೈಲಿನ ಗಟ್ಟಿ ಓದುವ ಸೌಲಭ್ಯ ಅವನ್ನು ಓದಿ ಹೇಳುತ್ತದೆ. ಪುಟ ಫೋಟೊ ರೂಪದಲ್ಲಿದ್ದರೆ ಮೊಬೈಲು ಮೌನ. ಹಾಗಿದ್ದಾಗ ಪುಟವನ್ನು ಸ್ಕ್ಯಾನ್ ಮಾಡಿ ಅಕ್ಷರಕ್ಕೆ ಪರಿವರ್ತಿಸುವ ಆಪ್ ಬೇಕಾಗುತ್ತದೆ. ಕೇಳುವಾಗ ಕಣ್ಣು ಸಾಲಿನ ಮೇಲೇ ಇರಲಿ.

ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ, 'ಮಿಡ್ ಬ್ರೇನ್' ಹೆಸರಿನ ತರಬೇತಿಗಳಿಗೆ ದುಡ್ಡು ಕೊಡಬೇಡಿ. ಡಿಸ್ಲೆಕ್ಸಿಯಾ ಕಣ್ಣಿನ ರೋಗವಲ್ಲ. ಅಮೆರಿಕದ ಮಕ್ಕಳ ವೈದ್ಯರೂ ನೇತ್ರ ವೈದ್ಯರೂ 2009ರಲ್ಲಿ ಜಂಟಿಯಾಗಿ ಹೇಳಿದ್ದೂ ಇದನ್ನೇ.

ಮಗುವಿಗೆ ವಿಷಯ ಹೇಳುವಾಗ ಸುತ್ತಿಬಳಸಬೇಡಿ. 'ನಿನ್ನ ತಲೆ ಚುರುಕು, ಅಕ್ಷರ ಬಿಡಿಸುವ ಕಡೆ ಮಾತ್ರ ಲೋಕಲ್ ಸ್ಲೋ ಟ್ರ್ಯಾಕಲ್ಲಿದೆ. ಅದಕ್ಕೇ ಹೆಚ್ಚು ಟೈಮು' ಎಂದರೆ ಮುಂಬಯಿ ಮಗುವಿಗೆ ತಕ್ಷಣ ಅರ್ಥವಾಗುತ್ತದೆ. ಮಾಟುಂಗಾದ ಚಿಕ್ಕಮ್ಮನಿಗೆ, ಊರಿನ ಮಾವನಿಗೆ ಹೇಳಬೇಕೋ ಬೇಡವೋ ಎಂಬುದನ್ನು ಮಗುವಿನ ಇಷ್ಟಕ್ಕೆ ಬಿಡಿ.

ಹತ್ತು ಮುಗಿದ ಮೇಲೆ ಕಾಗದ ಬೀರುವಿನ ತಳ ಸೇರದಿರಲಿ. ಹನ್ನೆರಡನೆಯದಕ್ಕೆ, ಜೆಇಇ, ನೀಟ್‌ಗೆ ಹೆಚ್ಚುವರಿ ಸಮಯ ಬೇಕಾದರೆ ಅರ್ಜಿ ತುಂಬುವಾಗಲೇ ಅಂಗವೈಕಲ್ಯದ ಕಾಲಂನಲ್ಲಿ ಗುರುತು ಹಾಕಬೇಕು. ಪರೀಕ್ಷೆಯ ದಿನ ಸರ್ಟಿಫಿಕೇಟ್ ತೋರಿಸಿದರೆ ಮೇಲ್ವಿಚಾರಕರು ಏನೂ ಮಾಡಲಾರರು. ಮೀಸಲಾತಿಗೆ ಕನಿಷ್ಠ ಶೇಕಡಾ 40 ಅಂಗವೈಕಲ್ಯದ ಮಿತಿ ಇದೆ, ಅದು ಬೇರೆ ವಿಷಯ. ಬರೆಯಲು ತೊಂದರೆಯಿರುವವರಿಗೆ ರೈಟರ್ ಕೊಡಲು ಆ ಮಿತಿಯನ್ನು ಅಡ್ಡ ತರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಹೇಳಿದೆ. ಪ್ರವೇಶಪತ್ರ ಬಂದ ದಿನವೇ ಹೆಚ್ಚುವರಿ ಸಮಯದ ಉಲ್ಲೇಖ ಅದರಲ್ಲಿದೆಯೇ ನೋಡಿ. ಇಲ್ಲದಿದ್ದರೆ ಅವತ್ತೇ ಬರೆದು ಕೇಳಿ, ಕಳಿಸಿದ ಇಮೇಲಿನ ಪ್ರಿಂಟ್ ಮಗುವಿನ ಫೈಲಿನಲ್ಲಿಡಿ.